ಶುಕ್ರವಾರ ರಾತ್ರಿ ಟಿಟಿ (ಟೆಂಪೋ ಟ್ರಾವೆಲರ್) ಹತ್ತೋ ಮುಂಚೆ ಓದಿ: ಕುದುರೆಮುಖಕ್ಕೆ ಹೊರಟಿರೋರಿಗೆ ಒಂದು ಬಹಿರಂಗ ಪತ್ರ

ಕುದುರೆಮುಖ ಟ್ರೆಕ್ ಪ್ಲಾನ್ ಮಾಡ್ತಿರೋ ಎಲ್ಲಾ ಗೆಳೆಯರಿಗೆ, ಈಗಾಗ್ಲೇ ವಾಟ್ಸಾಪ್ ಗ್ರೂಪ್ ಮಾಡಿ ಅದಕ್ಕೊಂದು ಹೆಸರಿಟ್ಟು ಡಿಪಿನೂ ಹಾಕಿ ಕೂತಿರೋರಿಗೆ, ಕೊನೇಲಿ ಎರಡು ಮಾತು ಅರಣ್ಯ ಇಲಾಖೆಯವರಿಗೂ,

ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆ ಕಳಸ ಕಡೆಯವನು, ಹೊಟ್ಟೆಪಾಡಿಗೆ ಬೆಂಗಳೂರಲ್ಲಿದೀನಿ. ಜೂನ್‌ನಲ್ಲಿ ಎರಡು ಮಳೆ ಬಿತ್ತು ಅಂದ್ರೆ ಸಾಕು, ವರ್ಷಪೂರ್ತಿ ಒಂದು ಹಾಯ್ ಅಂತ ಮೆಸೇಜ್ ಹಾಕದೋರೆಲ್ಲ ನೆನಪಿಸ್ಕೊಂಡು ಫೋನ್ ಮಾಡ್ತಾರೆ, "ಗುರೂ ನಿಮ್ಮೂರ್ ಹತ್ರ ತಾನೆ ಕುದುರೆಮುಖ, ಶುಕ್ರವಾರ ರಾತ್ರಿ ಬಿಟ್ರೆ ಶನಿವಾರ ಹತ್ತಿ ಇಳಿದು ಭಾನುವಾರ ಬೆಳಿಗ್ಗೆ ವಾಪಸ್ ಬರ್ಬೋದಲ್ವಾ" ಅಂತ. ಒಬ್ಬೊಬ್ರಿಗೂ ಫೋನಲ್ಲಿ ಅದೇ ಪುರಾಣ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲೇ ಬರೆದು ಹಾಕ್ತಿದೀನಿ, ಇನ್ಮೇಲೆ ಯಾರ್ ಕೇಳಿದ್ರೂ ಲಿಂಕ್ ಕಳಿಸ್ತೀನಿ ಅಷ್ಟೆ.

ನಾನು ಹೇಳೋದು ಒಂದೇ ವಿಷ್ಯ. ಈ ಬೆಟ್ಟಕ್ಕೆ ಬರೋ ಹಿಂದಿನ ರಾತ್ರಿ ಹಾಸಿಗೆ ಮೇಲೆ ಮಲಗಿ. ಬಸ್ ಸೀಟಲ್ಲಿ ಅಲ್ಲ, ಟಿಟಿಲಿ ಪಕ್ಕದೋನ ಹೆಗಲ ಮೇಲೆ ಅಲ್ಲ, ಹಾಸಿಗೆ ಮೇಲೆ. ಉಳಿದಿದ್ದೆಲ್ಲ ಆಮೇಲೆ.

ಯಾಕೆ ಅಂತ ಕೇಳಿ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹೊರಡ್ತೀರ. ನೆಲಮಂಗಲ ದಾಟೋದ್ರೊಳಗೇ ಹನ್ನೊಂದೂವರೆ, ಯಾಕಂದ್ರೆ ಇಡೀ ಬೆಂಗಳೂರು ಅದೇ ಟೈಮಿಗೆ ಅದೇ ರೋಡಲ್ಲಿ ಊರು ಬಿಡ್ತಿರುತ್ತೆ. ಹಾಸನದವರೆಗೆ ರೋಡ್ ಚೆನ್ನಾಗಿದೆ, ಆದ್ರೆ ಅಲ್ಲೀವರೆಗೆ ನೀವು ನಿದ್ದೆ ಮಾಡಲ್ಲ, ಹಾಡು, ಅಂತ್ಯಾಕ್ಷರಿ, ಚಿಪ್ಸು. ನಿದ್ದೆ ಹತ್ತೋ ಹೊತ್ತಿಗೆ ಬೇಲೂರು, ಮೂಡಿಗೆರೆ ದಾಟಿರುತ್ತೆ, ಕೊಟ್ಟಿಗೆಹಾರದಿಂದ ಕಳಸಕ್ಕೆ ತಿರುಗಿದ್ಮೇಲೆ ಶುರುವಾಗುತ್ತೆ ನೋಡಿ ತಿರುವು, ಅದರ ಮೇಲೆ ಮಂಜು, ಮಳೆ, ಎದುರಿಂದ ಬರೋ ಲಾರಿ ಲೈಟು. ಮೂರು ಜನಕ್ಕೆ ವಾಂತಿ ಗ್ಯಾರಂಟಿ. ಬೆಳಿಗ್ಗೆ ಆರು ಗಂಟೆಗೆ ಹೋಂಸ್ಟೇ ಮುಂದೆ ಇಳಿಯುವಾಗ ಮುಖ ನೋಡ್ಬೇಕು ಒಬ್ಬೊಬ್ರದ್ದು. ಇರೋ ಎರಡು ಬಾತ್‌ರೂಮಿಗೆ ಹದಿನೈದು ಜನ ಕ್ಯೂ, ಹಸಿವಿಲ್ಲದೆ ಅರ್ಧ ಇಡ್ಲಿ, ಆಮೇಲೆ ಜೀಪು. ಆ ಸ್ಥಿತೀಲಿ ಶುರು ಮಾಡೋದು ಹೋಗಿ ಬರೋಕೆ ಹದಿನೆಂಟು ಇಪ್ಪತ್ತು ಕಿಲೋಮೀಟರ್ ಇರೋ ನಡಿಗೆ! ಬೆಟ್ಟದ ತುದಿ 1,890 ಮೀಟರ್ ಚಿಲ್ರೆ ಎತ್ತರ ಇದೆ, ದಾರಿ ಏನ್ ಭಾರೀ ಕಷ್ಟದ್ದಲ್ಲ, ಕೈಕಾಲು ಊರಿ ಹತ್ತೋ ಬಂಡೆ ಗಿಂಡೆ ಇಲ್ಲ, ಆದ್ರೆ ಉದ್ದ. ಉದ್ದದ ದಾರಿ ಮೋಸ ಮಾಡೋದು ಹತ್ತುವಾಗ ಅಲ್ಲ, ಇಳಿಯುವಾಗ. ಮಧ್ಯಾಹ್ನ ಮೂರು ಗಂಟೆ ಮೇಲೆ ಒದ್ದೆ ಮಣ್ಣಲ್ಲಿ ಇಳೀತಾ ಮಂಡಿ ನಡುಗೋಕೆ ಶುರುವಾಗುತ್ತಲ್ಲ, ಆವಾಗ್ಲೇ ಕಾಲು ಉಳುಕೋದು. ಕಾಲು ಉಳುಕಿದ್ರೆ ಅಲ್ಲಿಗೆ ಆಂಬುಲೆನ್ಸ್ ಬರಲ್ಲ ಮಾರಾಯ್ರೆ, ಟ್ರೆಕ್ ಶುರುವಾಗೋ ಮುಳ್ಳೋಡಿ ಸುತ್ತಮುತ್ತಲ ಹುಡುಗ್ರೇ ಹೊತ್ಕೊಂಡು ಇಳಿಸ್ಬೇಕು.

ಹಾಗಾಗಿ ಶುಕ್ರವಾರ ಒಂದು ಲೀವ್ ಹಾಕಿ. ಬೆಳಿಗ್ಗೆ ಹೊರಡಿ, ಮುನ್ನೂರು ಕಿಲೋಮೀಟರ್ ಮೇಲೆ ಇದೆ, ಮಧ್ಯೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನಿ, ಆ ಊರು ಅದಕ್ಕೇ ಫೇಮಸ್ಸು. ಸಂಜೆಯೊಳಗೆ ಕಳಸ ಅಥವಾ ಸಂಸೆ ಸೇರಿ. ಟೈಮ್ ಇದ್ರೆ ಕಳಸೇಶ್ವರ ದೇವಸ್ಥಾನ, ಇನ್ನೂ ಟೈಮ್ ಇದ್ರೆ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ದರ್ಶನ ಮಾಡಿ ಅಲ್ಲೇ ಪ್ರಸಾದದ ಊಟ ಮಾಡಿ ಬನ್ನಿ, ರಾತ್ರಿ ಊಟದ ಚಿಂತೆನೂ ಇಲ್ಲ. ಒಂಬತ್ತಕ್ಕೆ ಮಲಗಿ. ಲೀವ್ ಸಿಗಲ್ವಾ, ಹಾಗಿದ್ರೆ ಶನಿವಾರ ಆರಾಮಾಗಿ ಬಂದು ಭಾನುವಾರ ಹತ್ತಿ, ಸೋಮವಾರ ವರ್ಕ್ ಫ್ರಮ್ ಹೋಮ್ ಅಂತ ಏನೋ ಒಂದು ಹೇಳಿ. ಎಲ್ಲಕ್ಕಿಂತ ಒಳ್ಳೇದು ಮಂಗಳವಾರ ಬುಧವಾರ ಬರೋದು. ವಾರದ ಮಧ್ಯೆ ಬಂದು ನೋಡಿದೋರು ಮತ್ತೆ ಯಾವತ್ತೂ ಶನಿವಾರ ಬರಲ್ಲ, ಅಷ್ಟು ಹೇಳ್ತೀನಿ.

ಈಗ ಪರ್ಮಿಷನ್ ವಿಷ್ಯ. ಇದು ನ್ಯಾಷನಲ್ ಪಾರ್ಕು, ಯಾರೋ ಒಬ್ರ ಎಸ್ಟೇಟ್ ಗುಡ್ಡ ಅಲ್ಲ. 1987ರಲ್ಲಿ ಘೋಷಣೆ ಆಗಿದ್ದು, ಆರುನೂರು ಚದರ ಕಿಲೋಮೀಟರ್ ಆಸುಪಾಸು, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಹರಡಿದೆ. ಮುಂಚೆ ಮುಳ್ಳೋಡಿ ಗೇಟಿಗೆ ಹೋಗಿ ದುಡ್ಡು ಕಟ್ಟಿ ಹತ್ತೋ ಕಾಲ ಇತ್ತು. 2024ರ ಜನವರೀಲಿ ರಿಪಬ್ಲಿಕ್ ಡೇ ವೀಕೆಂಡಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಂದೇ ದಾರೀಲಿ ಸಾಲುಗಟ್ಟಿ ನಿಂತಿದ್ದ ಫೋಟೋ ನಿಮ್ಗೆಲ್ಲ ನೆನಪಿರುತ್ತೆ, ಅರ್ಧ ಕರ್ನಾಟಕ ಅದನ್ನ ಸ್ಟೇಟಸ್ ಹಾಕಿತ್ತು. ಅದಾದ್ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್ ಎಲ್ಲಾ ನಿಲ್ಲಿಸಿ ಅಂದ್ರು, ಆಮೇಲೆ ಅರಣ್ಯ ವಿಹಾರ ವೆಬ್‌ಸೈಟ್ ಮೂಲಕ ದಿನಕ್ಕೆ ಮುನ್ನೂರು ಜನ ಅನ್ನೋ ಮಿತಿ ಬಂತು. ಹಾಗಾಗಿ ಮೊದ್ಲು ಟಿಕೆಟ್ಟು, ಆಮೇಲೆ ಟಿಟಿ, ಆಮೇಲೆ ಹೋಂಸ್ಟೇ. ಎಷ್ಟೋ ಜನ ಉಲ್ಟಾ ಮಾಡ್ತಾರೆ, ಟಿಟಿಗೆ ಅಡ್ವಾನ್ಸ್ ಕೊಟ್ಟು ಆಮೇಲೆ ಸೈಟ್ ಓಪನ್ ಮಾಡಿ ನೋಡಿದ್ರೆ ಆ ಶನಿವಾರ ಫುಲ್ಲು, ಆಮೇಲೆ ನನಗೆ ಫೋನು "ಅಲ್ಲಿ ಯಾರಾದ್ರೂ ಪರಿಚಯ ಇದಾರಾ" ಅಂತ. ಇದ್ರೂ ಹೇಳಲ್ಲ.

ಮುನ್ನೂರು ಜಾಸ್ತಿ ಆಯ್ತು, ಟ್ರೆಕ್ಕೇ ಬಂದ್ ಮಾಡಿ ಅನ್ನೋರೂ ಇದಾರೆ, ಮುನ್ನೂರು ಕಮ್ಮಿ ಆಯ್ತು ಅಂತ ಬೈಯೋರೂ ಇದಾರೆ. ಇಬ್ರಿಗೂ ನಮ್ಮೂರಿನ ಕಥೆ ಸ್ವಲ್ಪ ಗೊತ್ತಿದ್ರೆ ಒಳ್ಳೇದು. ಈ ಗುಡ್ಡಗಳ ಹೊಟ್ಟೇಲಿ ಕಬ್ಬಿಣದ ಅದಿರಿದೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯ್ತು, ದುಡ್ಡು ಹಾಕ್ತೀನಿ ಅಂತ ಬಂದಿದ್ದು ಇರಾನ್ ದೇಶ, ಅಲ್ಲಿ ಷಾ ಬಿದ್ದು ಕ್ರಾಂತಿ ಆದ್ಮೇಲೆ ಅವ್ರು ಕೈ ಬಿಟ್ರು, ಗಣಿ ಮಾತ್ರ ನಡೀತು. ಅದಿರು ಪುಡಿ ಮಾಡಿ ನೀರಲ್ಲಿ ಕಲಸಿ ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ರು. ಉಳಿದ ಕೆಸರು ತುಂಬೋಕೆ ಕಟ್ಟಿದ್ದೇ ಲಕ್ಯಾ ಡ್ಯಾಮು. ಭದ್ರಾ ನದಿ ಕೆಂಪಾಯ್ತು, ಜನ ಹೋರಾಟ ಮಾಡಿದ್ರು, ಕೊನೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು 2005ರ ಕೊನೆಗೆ ಗಣಿ ನಿಂತಿತು. ಕಂಪನಿ ಊರು ಖಾಲಿ ಹೊಡೀತು, ಸಾಲು ಸಾಲು ಕ್ವಾರ್ಟರ್ಸು ಇವತ್ತೂ ಪಾಚಿ ಹಿಡ್ಕೊಂಡು ನಿಂತಿದೆ. ಕಾಡು ಉಳೀತು, ಒಳ್ಳೇದೇ ಆಯ್ತು, ಆದ್ರೆ ಆ ಸಂಬಳ ನಂಬಿದ್ದ ಅಂಗಡಿ ಹೋಟ್ಲುಗಳ ಗತಿ ಏನು? ಈಗ ಈ ಕಡೆ ತುಂಬಾ ಮನೆ ನಡೀತಿರೋದು ಜೀಪು, ಹೋಂಸ್ಟೇ, ಗೈಡ್ ಕೆಲಸದಿಂದ. ಟ್ರೆಕ್ ಬಂದ್ ಮಾಡಿ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಹಾಗಂತ ಮಿತಿ ತೆಗೀರಿ ಅಂದ್ರೆ ಐದೇ ವರ್ಷ, ದಾರಿ ಪೂರ್ತಿ ಕೊರಕಲು ಬಿದ್ದು ಯಾರೂ ಬರದ ಹಾಗಾಗುತ್ತೆ. ಮುನ್ನೂರು ಇರ್ಲಿ. ಅದು ಏಳೂ ದಿನಕ್ಕೆ ಹಂಚಿ ಹೋದ್ರೆ ಬೆಟ್ಟಕ್ಕೂ ಹಗುರ, ಜೀಪಿನೋರಿಗೂ ದಿನಾ ಕೆಲಸ.

ಇನ್ನೊಂದು ದೊಡ್ಡ ಗೊಂದಲ ಇದೆ, ಇದನ್ನ ದಯವಿಟ್ಟು ಗ್ರೂಪಲ್ಲಿ ಪಿನ್ ಮಾಡಿ. ಮ್ಯಾಪಲ್ಲಿ ಬರೀ ಕುದುರೆಮುಖ ಅಂತ ಹೊಡೆದ್ರೆ ಅದು ನಿಮ್ಮನ್ನ ಆ ಹಳೇ ಗಣಿ ಊರಿಗೆ ಕರ್ಕೊಂಡ್ ಹೋಗ್ಬೋದು. ಬೆಟ್ಟ ಹತ್ತೋ ದಾರಿ ಅಲ್ಲಿಲ್ಲ. ಕಳಸದಿಂದ ಬರುವಾಗ ಸಂಸೆ ಹತ್ರಾನೇ ನಿಲ್ಲಬೇಕು, ಅಲ್ಲಿಂದ ಜೀಪಲ್ಲಿ ಆರೇಳು ಕಿಲೋಮೀಟರ್ ಮುಳ್ಳೋಡಿಗೆ. ಈ ಬೆಟ್ಟಕ್ಕೆ ಹಿಂದೆ ಸಂಸೆ ಪರ್ವತ ಅಂತಾನೇ ಹೇಳ್ತಿದ್ರು, ಯಾಕಂದ್ರೆ ಹತ್ತೋ ದಾರಿ ಸಂಸೆಯಿಂದಾನೆ. ನಿಮ್ಮ ಸ್ವಂತ ಕಾರು ಮುಳ್ಳೋಡಿವರೆಗೆ ತಗೊಂಡ್ ಹೋಗ್ತೀನಿ ಅನ್ನೋ ಹಠ ಬೇಡ, ಎಸ್‌ಯುವಿ ಆದ್ರೂ ಬೇಡ. ಆ ರೋಡಲ್ಲಿ ಮಳೆಗಾಲದಲ್ಲಿ ಕಲ್ಲು ಯಾವ್ದು ಗುಂಡಿ ಯಾವ್ದು ಅಂತ ಗೊತ್ತಿರೋದು ದಿನಾ ಓಡಿಸೋ ಡ್ರೈವರಿಗೆ ಮಾತ್ರ. ಅವ್ರ ಹತ್ರ ರೇಟಿಗೆ ಚೌಕಾಸಿ ಮಾಡುವಾಗ ಒಂದ್ಸಲ ಆ ಜೀಪಿನ ಕೆಳಗಡೆ ಬಗ್ಗಿ ನೋಡಿ, ಸ್ಪ್ರಿಂಗ್ ಪಟ್ಟೆ ಮುರಿದು ಮುರಿದು ವೆಲ್ಡಿಂಗ್ ಮಾಡ್ಸಿರೋದು ಕಾಣುತ್ತೆ.

ಯಾವಾಗ ಬರ್ಬೇಕು ಅಂತ ಎಲ್ರೂ ಕೇಳ್ತಾರೆ. ಬೇಸಿಗೇಲಿ ಬೆಂಕಿ ಭಯಕ್ಕೆ ಸಾಮಾನ್ಯವಾಗಿ ಬಂದ್ ಇರುತ್ತೆ, ಹುಲ್ಲೆಲ್ಲ ಒಣಗಿ ಒಂದು ಬೀಡಿ ತುಂಡು ಸಾಕು ಇಡೀ ಗುಡ್ಡ ಹೊತ್ಕೊಳ್ಳೋಕೆ. ಮಳೆ ಶುರುವಾದ್ಮೇಲೆ ರೀಲ್ಸ್‌ನಲ್ಲಿ ನೋಡಿರೋ ಹಸಿರು ಬರುತ್ತೆ, ನಿಜ, ಕಣ್ಣು ತುಂಬೋಷ್ಟು ಹಸಿರು. ಆದ್ರೆ ಅದರ ಲೆಕ್ಕ ತಿಳ್ಕೊಳ್ಳಿ, ಬೆಂಗಳೂರಲ್ಲಿ ವರ್ಷಪೂರ್ತಿ ಬೀಳೋ ಮಳೆ ಹತ್ರ ಹತ್ರ ಸಾವಿರ ಮಿಲಿಮೀಟರ್, ಇಲ್ಲಿ ಏಳು ಸಾವಿರ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತೆ. ಜುಲೈನಲ್ಲಿ ಬಂದ್ರೆ ತುದೀಲಿ ವ್ಯೂ ಸಿಗೋದು ಲಾಟ್ರಿ, ತೊಂಬತ್ತು ಪರ್ಸೆಂಟ್ ಜನ ನೋಡೋದು ಬಿಳೀ ಗೋಡೆ. ದಾರೀಲಿ ಸಿಗೋ ಹಳ್ಳಗಳು ಬೆಳಿಗ್ಗೆ ಪಾದ ಮುಳುಗೋಷ್ಟಿದ್ದು ಮೇಲೆ ಜೋರು ಮಳೆ ಹೊಡೆದ್ರೆ ವಾಪಸ್ ಬರುವಾಗ ಮಂಡಿ ಮೇಲೆ ಬಂದಿರುತ್ತೆ, ಅದೂ ಕೆಂಪು ನೀರು, ಕಾಲಿಡೋ ಕಲ್ಲು ಕಾಣಲ್ಲ. ನನ್ನ ಕೇಳಿದ್ರೆ ಅಕ್ಟೋಬರ್ ಕೊನೆ, ನವೆಂಬರ್. ಹಸಿರು ಇನ್ನೂ ಇರುತ್ತೆ, ಆಕಾಶ ತಿಳಿಯಾಗಿರುತ್ತೆ, ಪಶ್ಚಿಮಕ್ಕೆ ಘಟ್ಟದ ಕೆಳಗಿನ ಊರುಗಳೆಲ್ಲ ಕಾಣುತ್ತೆ. ಒಂದೇ ಎಚ್ಚರಿಕೆ, ಆ ತಿಂಗಳಲ್ಲಿ ಹಿಂಗಾರು ಗುಡುಗು ಮಧ್ಯಾಹ್ನದ ಮೇಲೆ ಬರುತ್ತೆ. ಬೋಳು ಹುಲ್ಲುಗುಡ್ಡದ ನೆತ್ತಿ ಮೇಲೆ ನೀವೇ ಎತ್ತರದ ವಸ್ತು ಆಗಿ ನಿಂತಿರುವಾಗ ಸಿಡಿಲು ಹೊಡೆಯೋದು ಬೇಡ. ಅಂದ್ರೆ ಏನಾಯ್ತು, ಮತ್ತೆ ಅಲ್ಲಿಗೇ ಬಂತು ಮಾತು, ಬೆಳಿಗ್ಗೆ ಗೇಟ್ ತೆರೆಯೋ ಹೊತ್ತಿಗೆ ನೀವು ಗೇಟಲ್ಲಿರ್ಬೇಕು, ಅದು ಆಗ್ಬೇಕಾದ್ರೆ ಹಿಂದಿನ ರಾತ್ರಿ ಅಲ್ಲೇ ಮಲಗಿರ್ಬೇಕು.

ಉಂಬಳದ, ಅಂದ್ರೆ ಜಿಗಣೆ ಬಗ್ಗೆ ಹೇಳದಿದ್ರೆ ಮಲೆನಾಡಿನೋರಿಗೆ ಸಮಾಧಾನ ಇಲ್ಲ. ಹೌದು, ಇರುತ್ತೆ, ಮಳೆಗಾಲದಲ್ಲಿ ಹೆಜ್ಜೆ ಹೆಜ್ಜೆಗೂ. ಗುಡ್ಡದ ಕಣಿವೇಲಿ ಬೆಳೆಯೋ ಶೋಲಾ ಕಾಡಿನ ನೆರಳಲ್ಲಿ ಒಂದು ನಿಮಿಷ ನಿಂತು ನೆಲ ನೋಡಿ, ಒದ್ದೆ ತರಗೆಲೆ ತುದೀಲಿ ದಾರದ ತುಂಡಿನಷ್ಟು ಸಣ್ಣದು ಒಂದು ಎದ್ದು ನಿಂತು ಆ ಕಡೆ ಈ ಕಡೆ ತೂಗ್ತಾ ವಾಸನೆ ಹಿಡೀತಿರುತ್ತೆ, ನೀವು ನಿಂತಿದ್ದು ಗೊತ್ತಾದ ತಕ್ಷಣ ಗೇಣು ಹಾಕ್ತಾ ಹಾಕ್ತಾ ಬಂದು ಶೂ ಲೇಸಿನ ತೂತಲ್ಲಿ ನುಗ್ಗುತ್ತೆ. ಕಚ್ಚಿದ್ದು ಗೊತ್ತೇ ಆಗಲ್ಲ. ಗೊತ್ತಾಗೋದು ಸಾಕ್ಸ್ ಕೆಂಪಾದಾಗ, ಅಷ್ಟೊತ್ತಿಗೆ ಅದು ಕುಡಿದು ದಪ್ಪ ಆಗಿ ಉದುರಿರುತ್ತೆ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರುತ್ತೆ, ಅದಕ್ಕೆ ಬಿಟ್ಟ ಮೇಲೂ ತುಂಬಾ ಹೊತ್ತು ರಕ್ತ ಸೋರುತ್ತೆ, ಹೆದರೋ ಅವಶ್ಯಕತೆ ಇಲ್ಲ. ಕಿತ್ತೆಳೀಬೇಡಿ, ಉಗುರಲ್ಲಿ ಬಾಯಿ ಹತ್ರ ಪಕ್ಕಕ್ಕೆ ಜಾರಿಸಿ ಬಿಡಿಸಿ. ನಮ್ಮ ಕಡೆ ತೋಟಕ್ಕೆ ಹೋಗೋರು ಸುಣ್ಣ ಹೊಗೆಸೊಪ್ಪು ಸೇರಿಸಿ ಬಟ್ಟೆಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸ್ಕೊಂಡಿರ್ತಾರೆ, ಅದನ್ನ ಮುಟ್ಟಿಸಿದ್ರೆ ತಾನಾಗೇ ಬೀಳುತ್ತೆ. ಉಂಬಳದಿಂದ ಯಾರೂ ಸತ್ತಿದ್ದು ನಾನು ಕೇಳಿಲ್ಲ, ಉಂಬಳ ಕಂಡು ಕಿರುಚಿ ಓಡಿ ಜಾರಿ ಬಿದ್ದು ಕೈ ಮುರ್ಕೊಂಡೋರ ಕಥೆ ಕೇಳಿದೀನಿ. ಅಸಲಿಗೆ ಹೆದರ್ಬೇಕಾಗಿರೋದು ಉಣುಗಿಗೆ (ಉಣ್ಣಿಗೆ), ಅದು ಒಣ ಕಾಲದ್ದು, ಮಂಗನ ಕಾಯಿಲೆ ಹರಡೋದು ಅದೇ. ಡಿಸೆಂಬರ್ ಮೇಲೆ ಮಲೆನಾಡಿನ ಯಾವ ಕಾಡಿಗೆ ಹೋದ್ರೂ ತುಂಬುತೋಳು, ಉದ್ದ ಪ್ಯಾಂಟು ಹಾಕಿ, ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಒಂದೆರಡು ವಾರದೊಳಗೆ ಜ್ವರ ಬಂದ್ರೆ ಡಾಕ್ಟ್ರಿಗೆ "ಕಾಡಿಗೆ ಹೋಗಿದ್ದೆ" ಅಂತ ಮರೀದೆ ಹೇಳಿ.

ಸಾಮಾನು ಕಮ್ಮಿ ತನ್ನಿ. ಗ್ರಿಪ್ ಇರೋ ಶೂ, ಡೆಕಾತ್ಲಾನ್‌ನಲ್ಲಿ ಸಿಗೋ ಸಾಧಾರಣ ಮಳೆ ಜಾಕೆಟ್ಟು ಧಾರಾಳ ಸಾಕು. ಛತ್ರಿ ಬೆಟ್ಟದ ಮೇಲೆ ಕೆಲಸಕ್ಕೆ ಬರಲ್ಲ, ಮೊದಲ ಗಾಳಿಗೇ ಮಗುಚುತ್ತೆ. ಜೀನ್ಸ್ ಬೇಡವೇ ಬೇಡ, ಒದ್ದೆ ಆದ್ರೆ ಎರಡು ಕೇಜಿ ಎಕ್ಸ್ಟ್ರಾ. ಸ್ಟೀಲ್ ಬಾಟಲಲ್ಲಿ ನೀರು, ಹೋಂಸ್ಟೇಯವ್ರು ಕಟ್ಟಿಕೊಡೋ ಚಿತ್ರಾನ್ನ, ಒಂದು ಟಾರ್ಚು. ಚೆಕ್‌ಪೋಸ್ಟಲ್ಲಿ ಬ್ಯಾಗ್ ಚೆಕ್ ಮಾಡಿದ್ರೆ ಮುಖ ಗಂಟು ಹಾಕ್ಬೇಡಿ, ಪ್ಲಾಸ್ಟಿಕ್ಕು, ಬಾಟಲಿ ಹುಡುಕ್ತಾರೆ, ಯಾವ ಬಾಟಲಿ ಅಂತ ನಿಮ್ಗೂ ಗೊತ್ತು. ಬ್ಲೂಟೂತ್ ಸ್ಪೀಕರ್ ತರ್ತೀನಿ ಅನ್ನೋರು ಬೇರೆ ಪ್ಲಾನ್ ಮಾಡಿ, ಲಾಲ್‌ಬಾಗೂ ಬೇಡ, ಮನೇಲೇ ಇರಿ. ಈ ಕಾಡಲ್ಲಿ ಸಿಂಗಳೀಕ ಇದೆ, ಕಡವೆ ಇದೆ, ಕಾಟಿ (ಕಾಡುಕೋಣ) ಇದೆ, ಸಿಂಗಳೀಕ ಮರ ಬಿಟ್ಟು ಕೆಳಗೆ ಇಳಿಯೋದೇ ಅಪರೂಪ, ನಿಮ್ಮ ಡಿಜೆ ಕೇಳಿದ್ರೆ ಆ ದಿಕ್ಕಿಗೇ ಬರಲ್ಲ.

ಇನ್ನು ತುದಿ ಮುಟ್ಟೋ ಹುಚ್ಚು. ಮನೆಯಿಂದ ಹೊರಡೋ ಮುಂಚೆನೇ ಗ್ರೂಪಲ್ಲಿ ಒಂದು ಟೈಮ್ ಫಿಕ್ಸ್ ಮಾಡಿ, ಉದಾಹರಣೆಗೆ ಒಂದು ಗಂಟೆ. ಒಂದು ಗಂಟೆಗೆ ಎಲ್ಲಿದೀರೋ ಅಲ್ಲಿಂದ ವಾಪಸ್ಸು, ತುದಿ ಹತ್ತೇ ನಿಮಿಷ ಅಂತ ಯಾರಾದ್ರೂ ಹೇಳಿದ್ರೂ ಸರಿ. ಬೆಟ್ಟದ ಮೇಲೆ ನಿಂತು ಡಿಸೈಡ್ ಮಾಡೋಣ ಅಂದ್ರೆ ಆಗಲ್ಲ, ಅಲ್ಲಿ ಹುಮ್ಮಸ್ಸು ಇರೋ ನಾಲ್ಕು ಜನ ಮುಂದೆ ಹೋಗಿರ್ತಾರೆ, ಸುಸ್ತಾದೋರು ನಾಚಿಕೆಗೆ ಬಾಯಿ ಬಿಡಲ್ಲ. ಗ್ರೂಪಲ್ಲಿ ಯಾರು ಎಲ್ರಿಗಿಂತ ನಿಧಾನವೋ ಅವ್ರನ್ನ ಮುಂದೆ ಬಿಡಿ, ಅವ್ರ ಸ್ಪೀಡೇ ಎಲ್ರ ಸ್ಪೀಡು. ದಾರೀಲಿ ಗುರುತಿಗೆ ಸಿಗೋ ಒಂಟಿಮರ ದಾಟಿ ಮೇಲೆ ಹುಲ್ಲುಗಾವಲು ಸಿಕ್ಕಿದ್ಮೇಲೆ ಮಂಜು ಕವಿದ್ರೆ ದಾರಿ ಯಾವ್ದು ಕಾಟಿ ಓಡಾಡಿರೋ ಜಾಡು ಯಾವ್ದು ಅಂತ ಗೊತ್ತಾಗಲ್ಲ, ಗೈಡ್ ಬಿಟ್ಟು ಮುಂದೆ ಓಡ್ಬೇಡಿ. ನೆಟ್‌ವರ್ಕ್ ನಂಬ್ಕೋಬೇಡಿ. ಮನೇಲಿ ಯಾರಿಗಾದ್ರೂ, ಇಲ್ಲ ಹೋಂಸ್ಟೇ ಅಕ್ಕನಿಗೆ, ಎಷ್ಟೊತ್ತಿಗೆ ಇಳೀತೀವಿ ಅಂತ ಹೇಳಿ ಹೋಗಿ.

ಅರಣ್ಯ ಇಲಾಖೆಯವರಿಗೆ ಈಗ. ಸರ್, ಮಿತಿ ಹಾಕಿದ್ದಕ್ಕೆ ಥ್ಯಾಂಕ್ಸ್, ಇದು ಮನಸ್ಸಿಂದ ಹೇಳ್ತಿರೋದು. ಕೆಲವು ಕೋರಿಕೆ ಇದೆ. ಮಳೆ ಜೋರು ಅಂತ ಬಂದ್ ಮಾಡಿದ ದಿನ ಟಿಕೆಟ್ ಇದ್ದೋರಿಗೆ ಕೇಳದೆನೇ ಬೇರೆ ದಿನ ಸಿಗೋ ಹಾಗಿರ್ಲಿ. ಅದು ಗ್ಯಾರಂಟಿ ಇದ್ರೆ ಯಾರೂ ಗೇಟಲ್ಲಿ ನಿಂತು "ಅಷ್ಟು ದೂರದಿಂದ ಬಂದಿದೀವಿ ಬಿಡಿ ಸಾರ್" ಅಂತ ಗಾರ್ಡ್ ಜೊತೆ ಜಗಳ ಆಡಲ್ಲ, ಪಾಪ ಆ ಗಾರ್ಡು ತಾನೇ ಏನ್ ಮಾಡ್ಯಾನು. ವಾರದ ಮಧ್ಯದ ದಿನಕ್ಕೆ ಶುಲ್ಕ ಕಮ್ಮಿ ಮಾಡಿ ನೋಡಿ, ಕಾಲೇಜು ಹುಡುಗ್ರು ಆ ಕಡೆ ತಿರುಗ್ತಾರೆ. ಟಿಕೆಟ್ ಮೇಲೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಟ್ರೆಕ್ ಶುರು ಮುಳ್ಳೋಡಿಯಿಂದ, ಇಷ್ಟು ಗಂಟೆ ಮೇಲೆ ಮೇಲಕ್ಕೆ ಬಿಡಲ್ಲ, ಇಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ಅಂತ ಇರ್ಲಿ, ಒಂಟಿಮರದ ಹತ್ರನೂ ಅದೇ ಬೋರ್ಡ್ ಇರ್ಲಿ. ಗೈಡ್ ಕೆಲಸ ಸಂಸೆ, ಮುಳ್ಳೋಡಿ ಸುತ್ತಿನ ಹುಡುಗ್ರಿಗೇ ಮೊದ್ಲು ಸಿಗ್ಲಿ, ಫಸ್ಟ್ ಏಡ್ ಟ್ರೈನಿಂಗ್ ಕೊಡ್ಸಿ, ಒಂದು ಮಡಚೋ ಸ್ಟ್ರೆಚರ್ ದಾರಿ ಮಧ್ಯೆ ಎಲ್ಲಾದ್ರೂ ಇಡಿ. ಈಗ ಬಿದ್ದೋರನ್ನ ಕಂಬಳೀಲಿ ಜೋಲಿ ಕಟ್ಟಿ ಹೊತ್ತು ತರೋ ಪರಿಸ್ಥಿತಿ ಬರುತ್ತೆ, ಹೊರೋರ ಕಾಲೂ ಜಾರುತ್ತೆ ಅಲ್ವಾ.

ಕುದುರೆಮುಖದ ಟಿಕೆಟ್ ಸಿಗದಿದ್ರೆ ಬ್ಲ್ಯಾಕಲ್ಲಿ ಯಾರೋ ಏಜೆಂಟ್ ಕೊಡ್ತೀನಿ ಅಂದ ಅಂತ ದುಡ್ಡು ಹಾಕ್ಬೇಡಿ. ಅದೇ ಪಾರ್ಕಿನೊಳಗೆ ಕುರಿಂಜಲ್ ಇದೆ, ಗಂಗಡಿಕಲ್ ಇದೆ, ಎರಡೂ ಇದಕ್ಕಿಂತ ಚಿಕ್ಕದು, ಮೊದಲ ಸಲ ಹತ್ತೋರಿಗೆ ನನ್ನ ಪ್ರಕಾರ ಅವೇ ಸರಿ, ಬುಕಿಂಗ್ ಅವಕ್ಕೂ ಬೇಕು. ಬುಕ್ ಮಾಡುವಾಗ ಯಾವ ಐಡಿ ಕೊಟ್ಟಿದ್ರೋ ಅದೇ ಐಡಿ ಒರಿಜಿನಲ್ ತನ್ನಿ, ಮತ್ತೆ ಹೋಂಸ್ಟೇಗೆ ಕ್ಯಾಶ್ ಇಟ್ಕೊಂಡ್ ಬನ್ನಿ, ಕರೆಂಟ್ ಹೋದ್ರೆ ಯುಪಿಐ ಕೂಡ ಹೋಗುತ್ತೆ.

ಇಂತಿ,
ಕಳಸ ಸೀಮೆಯವನೊಬ್ಬ